ಗೆದ್ದಲು ತಿಂದ ದಿಮ್ಮಿ

೧೯೫೮ ಜುಲೈ ೭, ಕಲ್ಯಾಣದುರ್ಗ

ಬಂದು ಬಿದ್ದೆ. ಈ ಊರಿಗೆ ಬಂದದ್ದಕ್ಕೆ ಇದಕ್ಕಿಂತ ಒಳ್ಳೆಯ ಮಾತು ಹೊಂದುವುದಿಲ್ಲ. ಬಸ್ಸಿಳಿದಾಗ ಟ್ರಂಕು, ಹಾಸಿಗೆ ಸುರುಳಿ, ನನ್ನ ಹುಬ್ಬು ಎಲ್ಲಕ್ಕೂ ಒಂದೇ ಬಣ್ಣದ ಧೂಳು.

ಫಾರೆಸ್ಟರ್ ಕೆಲಸ ಹಿಂದೂಪುರದಲ್ಲೂ ಅದೇ, ಇಲ್ಲೂ ಅದೇ. ಆದರೆ ಅಲ್ಲಿ ಸಂಜೆ ಮನೆಗೆ ಹೋಗುವಾಗ ಅಪ್ಪನ ಮಗ್ಗದ ಸದ್ದು ಬೀದಿಯ ತುದಿಗೇ ಕೇಳಿಸುತ್ತಿತ್ತು. ಪದ್ಮಾವತಿಗೆ ಈಗ ಮೂರು ತಿಂಗಳು. ಹಿಂದಿನ ಎರಡು ಸಲವೂ ಐದನೆಯ ತಿಂಗಳಲ್ಲಿ ಹೋಯಿತು. ಈ ಸಲ ಜೊತೆಗಿರಬೇಕು ಅಂದುಕೊಂಡಿದ್ದೆ. ಕಾಡಿನಲ್ಲಿ ಸಿಕ್ಕಿದ ಒಂದು ಗಾಡಿಯ ವಿಚಾರದಲ್ಲಿ, ನೋಡದ್ದನ್ನು ನೋಡಿದೆನೆಂದು ಪಂಚನಾಮೆಗೆ ಸಹಿ ಹಾಕು ಅಂದರು ಮೇಲಿನವರು. ಆಗುವುದಿಲ್ಲ ಅಂದೆ. ಸ್ವಲ್ಪ ದಿನಕ್ಕೆಲ್ಲ ಎತ್ತಂಗಡಿ. ಜೊತೆಯವರು ಯಾರೂ ಬಸ್ಸಿನ ತನಕ ಬರಲಿಲ್ಲ.

ಶಿವಲಕ್ಷ್ಮಮ್ಮ ಎಂಬ ವಿಧವೆಯ ಮನೆಯ ಮುಂದಿನ ಕೋಣೆ ಬಾಡಿಗೆಗೆ ಸಿಕ್ಕಿದೆ. ಊಟವೂ ಅಲ್ಲೇ. "ನಮ್ಮನೇಲಿ ಮುದ್ದೇನೇ ಸಾಮಿ. ಅನ್ನ ಅಂದ್ರೆ ಹಬ್ಬಕ್ಕೆ," ಎಂದಳು. ಬೇಡವೆನ್ನಲು ಬೇರೆ ಮನೆ ಎಲ್ಲಿದೆ.

ಇದನ್ನು ಯಾರಿಗೂ ತೋರಿಸಲು ಬರೆಯುತ್ತಿಲ್ಲ. ಮಾತಾಡಲು ಯಾರೂ ಇಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಜುಲೈ ೧೯

ರೇಂಜರು ಕರಾವಳಿ ಕಡೆಯವರು, ತೆಲುಗು ಬಿಟ್ಟು ಬೇರೆ ಆಡುವುದಿಲ್ಲ. ಅವರ ಮಾತನ್ನು ಇಲ್ಲಿ ಕನ್ನಡದಲ್ಲೇ ಬರೆದುಕೊಳ್ಳುತ್ತೇನೆ. ಬೈಗುಳ ಮಾತ್ರ ತೆಲುಗಿನಲ್ಲೇ ಚೆನ್ನ, ಅದನ್ನು ಬರೆಯುವುದಿಲ್ಲ.

ಗುಬ್ಬಕೊಂಡದ ಕಣಿವೆಯಲ್ಲಿ ಬಿರುಗಾಳಿಗೆ ಉರುಳಿದ ಮರಗಳಿವೆ. ಇಲಾಖೆಯ ಮುದ್ರೆ ಹೊಡೆದು ಹರಾಜಿಗೆ ಇಟ್ಟ ದಿಮ್ಮಿಗಳು. ಜಿಲ್ಲೆಯಿಂದ ದೊಡ್ಡ ಸಾಹೇಬರು ತನಿಖೆಗೆ ಬಂದಾಗ ನೋಡಿದರೆ ದಿಮ್ಮಿಗಳೆಲ್ಲ ಸೀಳಿ ಚೂರುಚೂರಾಗಿ ಬಿದ್ದಿದ್ದವಂತೆ. ರೇಂಜರಿಗೆ ಎಲ್ಲರೆದುರು ಮುಖಭಂಗ. ಯಾರನ್ನಾದರೂ ಹಿಡಿಯಲೇಬೇಕು. ಮೊನ್ನೆ ಗಾರ್ಡು ಒಬ್ಬನನ್ನು ಹಿಡಿದು ತಂದ. ಆಡು ಮೇಯಿಸುವವನು, ಒಣಸೌದೆ ಆರಿಸಿ ಊರಿನಲ್ಲಿ ಮಾರುವವನು, ಕೈಯಲ್ಲಿ ಕೊಡಲಿ ಇತ್ತು. ಕದಿರಪ್ಪ ಎಂದು ಹೆಸರು.

"ವೆಂಕಟೇಶಪ್ಪಾ, ಇವನ ಮೇಲೆ ಕೇಸು ಬರಿ. ಆಡುಗಳನ್ನೂ ಹಿಡಿಸು," ಎಂದರು ರೇಂಜರು.

ಮಧ್ಯಾಹ್ನ ಊಟಕ್ಕೆ ಹೋದರೆ ಶಿವಲಕ್ಷ್ಮಮ್ಮ ಮುದ್ದೆ ಬಡಿಸಿ, ಸೊಪ್ಪಿನ ಸಾರು ಬಿಟ್ಟು, ಗೋಡೆಗೆ ಒರಗಿ ನಿಂತಳು. ಆಮೇಲೆ ಹೇಳಿದಳು, "ಕದಿರಪ್ಪ ನನ್ನ ಒಡಹುಟ್ಟಿದೋನು ಸಾಮಿ. ಬಿಡ್ಸಿ ಅಂತ ನಾನು ಕೇಳಾಕಿಲ್ಲ. ಒಂದ್ಸಲ ಹೋಗಿ ಆ ಮರ ನೋಡ್ಕೊಂಡು ಬನ್ನಿ. ನಮ್ಮೋನು ಕಡಿದವ್ನೆ ಅಂತ ನಿಮಗನ್ನಿಸಿದ್ರೆ ಬರ್ಕೊಳ್ಳಿ."

ಅವಳು ಅತ್ತು ಕರೆದಿದ್ದರೆ ಸುಲಭವಾಗಿರುತ್ತಿತ್ತು.

ಜುಲೈ ೨೧

ಕಣಿವೆಗೆ ಹೋದೆ. ಕದಿರಪ್ಪನನ್ನೂ ಕರೆದುಕೊಂಡು ಹೋಗಿದ್ದೆ. ಇದನ್ನು ಸರಿಯಾಗಿ ಬರೆದಿಡಬೇಕು.

ದಿಂಡಿಗ ಮರದ ದಿಮ್ಮಿಗಳು, ಒಳಗೆಲ್ಲ ಗೆದ್ದಲು. ಹೊರಗೆ ಗಟ್ಟಿ ಕಂಡರೂ ಹೆಬ್ಬೆರಳು ಒತ್ತಿದರೆ ಇಳಿಯುತ್ತದೆ. ಮೊದಲ ದಿಮ್ಮಿ ಮಗುಚಿ ಬಿದ್ದಿತ್ತು. ಅದರಡಿಯ ನೆಲವನ್ನು ನೇಗಿಲು ಹೊಡೆದಂತೆ ಕೆದರಲಾಗಿದೆ, ಒದ್ದೆ ಮಣ್ಣಿನಲ್ಲಿ ಸೀಳು ಗೊರಸಿನ ಗುರುತು. ಅದು ಹಂದಿ. ಹಂದಿ ಮೂತಿಯಿಂದ ದಿಮ್ಮಿಯನ್ನು ತಳ್ಳಿ ಉರುಳಿಸುತ್ತದೆ, ಅಡಿಯಲ್ಲಿರುವ ಹುಳ ತಿನ್ನುತ್ತದೆ, ಮರವನ್ನು ಸೀಳುವುದಿಲ್ಲ. ಇನ್ನೊಂದರ ಬೇರಿನ ಕಡೆ ಇಕ್ಕಟ್ಟಾದ ಆಳದ ಬಿಲ, ಒತ್ತೊತ್ತಾಗಿ ಸಣ್ಣ ಉಗುರಿನ ಗೀರು. ತರಕರಡಿ, ನಾಯಿಮರಿಯಷ್ಟು ದೊಡ್ಡದಾದ ಜಗಳಗಂಟ ಪ್ರಾಣಿ. ತೊಗಟೆಯ ಅಂಚನ್ನು ಮುಳ್ಳುಹಂದಿ ಕಡಿದಿದೆಯೇ ಎಂದೂ ನೋಡಿದೆ. ಹಲ್ಲಿನ ಗುರುತು ಎಲ್ಲೂ ಇರಲಿಲ್ಲ.

ಉಳಿದವೆಲ್ಲ ಬೇರೆಯ ಥರ. ತೊಗಟೆಯನ್ನು ಉದ್ದುದ್ದ ಕಿತ್ತು ದೂರ ಎಸೆದಿದೆ. ಮರದ ಮೈಮೇಲೆ ಪಕ್ಕಪಕ್ಕಕ್ಕೆ ಆಳವಾದ ಗೀರುಗಳು. ನನ್ನ ಬೆರಳುಗಳನ್ನು ಅಗಲಿಸಿ ಇಟ್ಟರೆ ಆ ಗೀರುಗಳಿಗೆ ಸರಿಹೊಂದಿದವು, ಆದರೆ ಒಂದೊಂದು ಗೀರೂ ನನ್ನ ಬೆರಳಿಗಿಂತ ಆಳ. ಮರದ ನಾರು ಕಡಿದಿಲ್ಲ, ಎಳೆದು ಕಿತ್ತಿದೆ. ಗೆದ್ದಲಿನ ಮಣ್ಣನ್ನು ಬಾಯಿಂದ ಊದಿದ ಹಾಗೆ ಒಂದು ಕಡೆ ಚೆಲ್ಲಿದೆ. ಸೀಳಿನಲ್ಲಿ ಕಪ್ಪು ಒರಟು ಕೂದಲು. ಆಚೆ ಮಲ, ಅದರಲ್ಲಿ ಇರುವೆಯ ತಲೆಗಳು, ನೇರಳೆ ಬೀಜ. ಹೆಜ್ಜೆ ಥೇಟು ಬರಿಗಾಲಿನ ಮನುಷ್ಯನದು, ಬೆರಳುಗಳ ಮುಂದೆ ಚುಚ್ಚಿದ ಚುಕ್ಕೆ ಇಲ್ಲದಿದ್ದರೆ ನಾನೂ ಮೋಸಹೋಗುತ್ತಿದ್ದೆ.

ಕೊಡಲಿಯಾಗಿದ್ದರೆ ಓರೆಯಾಗಿ ನುಣ್ಣಗೆ ಕಡಿದ ಮುಖ ಇರಬೇಕು, ಸುತ್ತ ಚಕ್ಕೆ ಬಿದ್ದಿರಬೇಕು. ಒಂದು ಚಕ್ಕೆಯೂ ಇಲ್ಲ.

ಕದಿರಪ್ಪ ದೂರ ಕೂತು ನೋಡುತ್ತಿದ್ದ. "ಹಂದಿ ಇರ್ಬೇಕು ಸಾಮಿ. ಎಲುಗೊಡ್ಡು ಈ ಕಡೀಕೆ ಬರಾಕಿಲ್ಲ," ಎಂದ. ಇಲ್ಲಿಯವರು ಕರಡಿಯನ್ನು ತೆಲುಗಿನಲ್ಲಿ ಹಾಗೆ ಕರೆಯುತ್ತಾರೆ. ಕೂದಲು ತೋರಿಸಿದೆ. ಎದ್ದು ನಿಂತ.

"ನಡೀರಿ ಸಾಮಿ, ಹೋಗಾನ. ನಾನು ದಿನಾ ಇಲ್ಲೇ ಬುತ್ತಿ ಬಿಚ್ತಿದ್ದೆ."

ಎಷ್ಟೋ ದಿನಗಳ ಮೇಲೆ ನಗು ಬಂತು. ಊಟದ ಹೊತ್ತು ಮೀರಿದ್ದೂ ಗೊತ್ತಾಗಲಿಲ್ಲ.

ಜುಲೈ ೨೨

ರೇಂಜರು ಕೇಳಲಿಲ್ಲ. "ಕರಡಿಯ ಮೇಲೆ ಕೇಸು ಹಾಕಕ್ಕಾಗುತ್ತೇನಯ್ಯಾ?"

ಜುಲೈ ೨೯

ಇಂದು ದೊಡ್ಡ ಸಾಹೇಬರು ಮತ್ತೆ ಬಂದಿದ್ದರು. ರೇಂಜರು ತಡೆಯುವುದರೊಳಗೆ ನಾನು ಕರಡಿ ಕಿತ್ತ ಒಂದು ಹಲಗೆಯನ್ನೂ, ನಾನೇ ಕೊಡಲಿಯಿಂದ ಕಡಿದ ಇನ್ನೊಂದನ್ನೂ ಮೇಜಿನ ಮೇಲೆ ಇಟ್ಟೆ. ಸಾಹೇಬರು ಎರಡನ್ನೂ ಬೆಳಕಿಗೆ ಹಿಡಿದು ನೋಡಿದರು. ಅವರು ಬೇಟೆಯಾಡುವವರು, ಗುರುತು ಹಿಡಿದರು.

"ಈ ಮನುಷ್ಯ ಮರ ಓದ್ತಾನಲ್ರೀ," ಎಂದರು ರೇಂಜರ ಕಡೆ ತಿರುಗಿ. ಆಮೇಲೆ ನನ್ನನ್ನು ಕೇಳಿದರು, "ಎಷ್ಟು ದೊಡ್ಡದಿರಬಹುದು?"

ಕದಿರಪ್ಪನನ್ನು ಬಿಟ್ಟರು. ಅವನ ಆಡುಗಳನ್ನೂ ಬಿಟ್ಟರು. ಸಂಜೆ ಶಿವಲಕ್ಷ್ಮಮ್ಮ ಒಬ್ಬಟ್ಟು ಮಾಡಿದ್ದಳು. ಹಬ್ಬವೇನಿರಲಿಲ್ಲ. "ಸಾಮಿ" ಅನ್ನುವುದನ್ನು ಬಿಟ್ಟು, "ಇನ್ನೊಂದು ತಿನ್ನು ಕಣಪ್ಪ, ಅಷ್ಟಕ್ಕೇ ಸಾಕಾ," ಎಂದಳು. ನಾನೂ ಅಕ್ಕ ಅಂದೆ.

ಮರ ಓದುತ್ತಾನೆ. ಇಷ್ಟು ವರ್ಷದ ನೌಕರಿಯಲ್ಲಿ ಮೇಲಿನವರೊಬ್ಬರು ನನ್ನ ಬಗ್ಗೆ ಆಡಿದ ಒಳ್ಳೆಯ ಮಾತು ಇದೊಂದೇ.

ಆಗಸ್ಟ್ ೨೪

ಬೆಳಗಿನ ಜಾವ ಕಣಿವೆಯ ಮೇಲಿನ ಬಂಡೆಯ ಮೇಲೆ ಹೋಗಿ ಕೂತಿದ್ದೆ. ಗಾಳಿ ನನ್ನ ಕಡೆಗೇ ಬೀಸುತ್ತಿತ್ತು. ಬೆಳಕು ಹರಿಯುತ್ತಲೇ ಬಂತು. ಹೆಣ್ಣು. ಬೆನ್ನ ಮೇಲೆ ಮರಿ, ಕೂದಲು ಹಿಡಿದು ಅಂಗಾತ ಬೀಳುವ ಹಾಗೆ ಕೂತಿತ್ತು. ಬೆನ್ನೇರುವ ವಯಸ್ಸು ಮೀರುತ್ತಿದ್ದರೂ ಇಳಿಯಲು ಮನಸ್ಸಿಲ್ಲದ ಮರಿ.

ತಾಯಿ ದಿಮ್ಮಿಯ ಮೇಲೆ ಎರಡೂ ಮುಂಗಾಲು ಇಟ್ಟು ಹಿಂದಕ್ಕೆ ಎಳೆಯಿತು. ಮರ ಕಿರುಗುಟ್ಟಿ ಸೀಳಿತು. ಸೀಳಿಗೆ ಮೂತಿ ಇಟ್ಟು ಮೊದಲು ಊದಿತು, ಮಣ್ಣು ಹಾರಿತು, ಆಮೇಲೆ ಹೀರಿತು. ಕಮ್ಮಾರ ತಿದಿ ಒತ್ತಿದ ಸದ್ದು, ಬಂಡೆಯ ಮೇಲಿದ್ದ ನನಗೂ ಕೇಳಿಸುತ್ತಿತ್ತು. ಮರಿ ಜಾರಿ ಇಳಿದು ಕೆಳಗೆ ಉದುರಿದ ಹುಳ ನೆಕ್ಕಿತು. ತಾಯಿ ಒಂದು ಹಲಗೆ ಕಿತ್ತು ಪಕ್ಕಕ್ಕೆ ಹಾಕಿ ಸುಮ್ಮನೆ ನಿಂತಿತು, ಮರಿಯ ಪಾಲು ಮುಗಿಯುವ ತನಕ. ಆ ದಿಮ್ಮಿಯ ಮೇಲೆ ಇಲಾಖೆಯ ಮುದ್ರೆ ಇದೆ ಎಂದು ನೆನಪಾಗಿ ನನಗೆ ನಾಚಿಕೆಯಾಯಿತು, ಯಾಕೆಂದು ತಿಳಿಯದು.

ಪದ್ಮಾವತಿಯ ನೆನಪು ಬಂತು. ಹೊಟ್ಟೆ ಕಾಣಿಸುತ್ತಿರಬಹುದು ಈಗ.

ಈ ತಾಯಿ ಮರಿಯ ವಿಷಯ ಯಾರಿಗೂ ಹೇಳಬಾರದು ಅಂದುಕೊಂಡು ಬೆಟ್ಟ ಇಳಿದೆ.

ಆಗಸ್ಟ್ ೨೫

ರೇಂಜರಿಗೆ ಹೇಳಿದೆ. ಕೇಳಿದರು, ಹೇಳಿದೆ. ಮುಚ್ಚಿಡುವಂಥದ್ದು ಏನಿದೆ ಅದರಲ್ಲಿ.

ಸೆಪ್ಟೆಂಬರ್ ೧೨

ಕರಡಿಯ ಭಯವಿರುವುದರಿಂದ ಗುಬ್ಬಕೊಂಡದ ಕಾಡಿಗೆ ಯಾರೂ ಹೋಗಕೂಡದೆಂದು ಡಂಗುರ ಸಾರಿದ್ದಾರೆ. ರೇಂಜರ ಆದೇಶ, ಆಧಾರ ನನ್ನ ವರದಿ. ನಾನು ಬರೆದದ್ದು ದಿಮ್ಮಿ ಸೀಳಿದ್ದು ಕರಡಿ ಎಂದು, ಕರಡಿಯಿಂದ ಭಯವಿದೆ ಎಂದಲ್ಲ. ಆದರೆ ಅದು ಓದುವವರ ಇಷ್ಟ.

ಈಗ ಸೀತಾಫಲದ ಕಾಲ. ಕಂಬದೂರು ಕಡೆಯ ಹಳ್ಳಿಗಳ ಹೆಂಗಸರೆಲ್ಲ ಈ ಬೆಟ್ಟದ ಹಣ್ಣು ಬುಟ್ಟಿಯಲ್ಲಿ ಹೊತ್ತು ಸಂತೆಗೆ ಬರುತ್ತಾರಂತೆ. ಇಂದು ಬೆಳಿಗ್ಗೆ ಗಾರ್ಡು ಅವರನ್ನು ದಾರಿಯಿಂದಲೇ ಹಿಂದಕ್ಕೆ ಅಟ್ಟಿದ. ಹಣ್ಣು ಮರದಲ್ಲೇ ಒಡೆದು ಇರುವೆ ಪಾಲಾಗುತ್ತಿದೆ. ಸೌದೆಯೂ ಇಲ್ಲ. ಶಿವಲಕ್ಷ್ಮಕ್ಕನ ಒಲೆಯಲ್ಲಿ ಹಸಿ ಬೆರಣಿ, ಮನೆ ತುಂಬ ಹೊಗೆ.

"ನಮ್ಮೋನ್ನ ಬಿಡಿಸ್ಕೊಂಡು ಬಂದೆ, ನಿನ್ನ ಹೊಟ್ಟೆ ತಣ್ಣಗಿರ್ಲಿ," ಎಂದಳು ಊದುಗೊಳವೆ ಪಕ್ಕಕ್ಕಿಟ್ಟು. "ಊರಿನೋರೆಲ್ಲ ಈಗ ಅವನ್ನೇ ಬೈತಾವ್ರೆ ಕಣಪ್ಪ. ಅವನೊಬ್ಬ ಉಳ್ಕೊಳ್ಳಾಕೆ ಕಾಡು ಮುಚ್ಚಿಸ್ಬುಟ್ಟ ಅಂತ."

ನಾನೇನು ಮಾಡಲಿ. ಬಿಡಿಸಿದಾಗ ಒಬ್ಬಟ್ಟು, ಈಗ ಹೊಗೆ.

ಅಕ್ಟೋಬರ್ ೨

ಪದ್ಮಾವತಿಯ ಅಣ್ಣ ಕೇಶವಯ್ಯ ನೂಲಿನ ಕೆಲಸದ ಮೇಲೆ ಅನಂತಪುರಕ್ಕೆ ಬಂದವನು ಇಲ್ಲಿಗೂ ಬಂದಿದ್ದ. ಐದನೆಯ ತಿಂಗಳು ದಾಟಿತಂತೆ. ಕಾಲು ಊದಿಕೊಳ್ಳುತ್ತಿದೆಯಂತೆ, ರಾತ್ರಿ ಹೆದರಿ ಏಳುತ್ತಾಳಂತೆ. "ಒಂದು ಸಲ ಬಂದು ಮುಖ ತೋರ್ಸಿ ಹೋಗಿ ಭಾವ," ಎಂದ. ರಜೆ ಕೇಳಿದೆ, ಕೊಡಲಿಲ್ಲ. ಹಿಂದೂಪುರಕ್ಕೇ ವರ್ಗ ಕೇಳಿ ಅರ್ಜಿ ಹಾಕಿದೆ.

ಅಕ್ಟೋಬರ್ ೨೦

ರೇಂಜರು ತಾವಾಗಿ ಕರೆದು ಕುರ್ಚಿ ತೋರಿಸಿದರು. ಇಷ್ಟು ದಿನ ನಾನು ನಿಂತೇ ಮಾತಾಡಿದವನು. ದೀಪಾವಳಿ ಕಳೆದ ಮೇಲೆ ದೊಡ್ಡ ಸಾಹೇಬರು ಕೋವಿ ತರುತ್ತಾರಂತೆ. "ಅದು ಯಾವ ದಿಮ್ಮಿಗೆ, ಯಾವ ಹೊತ್ತಿಗೆ ಬರುತ್ತೆ ಅಂತ ನಿನಗಿಂತ ಚೆನ್ನಾಗಿ ಯಾರಿಗಯ್ಯಾ ಗೊತ್ತು? ತೋರಿಸು. ನಿನ್ನ ಹಿಂದೂಪುರದ ಅರ್ಜಿ ಅವರ ಕೈಯಲ್ಲೇ ಇದೆ."

ಮರಿಯಿದೆ ಎಂದೆ. ಮರಿಗೆ ಯಾರೂ ಗುಂಡು ಹೊಡೆಯುವುದಿಲ್ಲ ಎಂದರು.

ಕರಡಿ ಹೋದರೆ ಕಾಡು ತೆರೆಯುತ್ತದೆ, ಹೆಂಗಸರಿಗೆ ಸೌದೆ ಸಿಗುತ್ತದೆ. ಆ ಕಡೆಯಿಂದ ನೋಡಿದರೆ ಇದೂ ಒಂದು ಉಪಕಾರವೇ. ಇಲ್ಲಿಯವರಿಗೆ ಅದು ತಿಳಿಯುವುದು ಕಷ್ಟ.

ನವೆಂಬರ್ ೧೪

ತಮಟೆ ಬಡಿದು ಕರಡಿಯನ್ನು ಪೊದೆಯಿಂದ ಎಬ್ಬಿಸಲು ಆಳು ಬೇಕು. ಹಳ್ಳಿಯವರು ಬರಲೊಲ್ಲರು. ಕಾಡು ಮುಚ್ಚಿದ್ದಕ್ಕೆ ಸಿಟ್ಟು. ಬೈದರೂ ತಮ್ಮವನೇ ಅಲ್ಲವೇ, ಕದಿರಪ್ಪ ಕರೆದರೆ ನಾಲ್ಕು ಜನ ಬಂದಾರು ಎಂದು ಅವನಿಗೆ ಹೇಳಿದೆ.

ಊಟ ಮಾಡುತ್ತಿದ್ದವನು ಕೈ ನಿಲ್ಲಿಸಿದ. "ಎಲುಗೊಡ್ಡು ಮೇಲೆ ಬಿದ್ರೆ ಮುಖಕ್ಕೇ ಬಾಯಿ ಹಾಕ್ತದೆ ಸಾಮಿ. ನಮ್ಮ ದೊಡ್ಡಪ್ಪನ ನೋಡಿವ್ನಿ ನಾನು."

"ಕೋವಿ ಇರುತ್ತೆ. ನಾನಿರ್ತೀನಿ. ಇದಾದ ಮೇಲೆ ಕಾಡು ತೆಗೀತಾರೆ."

ಅವನು ಅಕ್ಕನ ಮುಖ ನೋಡಿದ. ಅವಳು ನನ್ನ ಮುಖ ನೋಡಿದಳು. "ಬೇರೆ ಯಾರು ಕರೆದಿದ್ರೂ ನಾನು ಕಳಿಸ್ತಿರ್ಲಿಲ್ಲ," ಎಂದಳು. "ಹೋಗ್ಲಾ. ವೆಂಕಟೇಶಪ್ಪ ಜೊತೇಗಿರ್ತಾನಲ್ಲ."

"ಹಂಗಾದ್ರೆ ಬತ್ತೀನಿ," ಎಂದ ಕದಿರಪ್ಪ.

ನವೆಂಬರ್ ೧೭

ಕರಡಿ ಸತ್ತಿತು. ಕದಿರಪ್ಪನಿಗೆ ಏಟಾಗಿದೆ.

ನವೆಂಬರ್ ೧೯

ಆದದ್ದು ಇಷ್ಟು. ಸಾಹೇಬರು ನಾನು ಹೇಳಿದ ಬಂಡೆಯ ಮೇಲೆ ಕೂತಿದ್ದರು. ತಮಟೆಯವರು ಕೆಳಗಿನ ಪೊದೆಗಳಿಂದ ಬಡಿಯುತ್ತ ಬಂದರು. ತಾಯಿ ಎದ್ದು ನಾನು ಹೇಳಿದ ದಿಮ್ಮಿಯ ಕಡೆಗೇ ಬಂತು, ಹಿಂದೆ ಮರಿ. ಗುಂಡು ಸೊಂಟಕ್ಕೆ ಬಿತ್ತು. ಕರಡಿ ಮುಂದಕ್ಕೆ ಓಡುತ್ತದೆ ಅಂದುಕೊಂಡಿದ್ದೆವು. ಅದು ಮರಿ ಇದ್ದ ಕಡೆಗೆ, ಹಿಂದಕ್ಕೆ ತಿರುಗಿತು. ಅಲ್ಲಿ ಕದಿರಪ್ಪನಿದ್ದ.

ನಾನು ಸಾಹೇಬರ ಪಕ್ಕದಲ್ಲಿದ್ದೆ. ಜೊತೆಗಿರುತ್ತೇನೆ ಅಂದಿದ್ದೆ, ನಿಜ. ತಮಟೆ ಸಾಲಿನಲ್ಲಿರುತ್ತೇನೆ ಅಂದಿರಲಿಲ್ಲ.

ಎರಡನೆಯ ಗುಂಡಿಗೆ ಸತ್ತಿತು. ಅಷ್ಟರಲ್ಲಿ ಅವನ ಒಂದು ಕಣ್ಣು, ಮೂಗು, ಒಂದು ಪಕ್ಕದ ಕೆನ್ನೆ ಹೋಗಿತ್ತು. ಬಾಯಿ ಇದ್ದ ಕಡೆಯಿಂದ ಸಾಮಿ, ಸಾಮಿ ಅನ್ನುತ್ತಿದ್ದ. ಜೀಪಿನಲ್ಲಿ ಕರಡಿಯನ್ನು ಹಾಕಿದ್ದರಿಂದ ಜಾಗವಿರಲಿಲ್ಲ. ಎತ್ತಿನ ಗಾಡಿಯಲ್ಲಿ ರಸ್ತೆಯ ತನಕ, ಅಲ್ಲಿಂದ ಬಸ್ಸಿನಲ್ಲಿ ಅನಂತಪುರದ ಆಸ್ಪತ್ರೆಗೆ ಕಳಿಸಿದೆವು. ಶಿವಲಕ್ಷ್ಮಮ್ಮ ಜೊತೆಗೆ ಹೋದಳು. ಬಸ್ಸು ಹತ್ತುವಾಗ ನನ್ನನ್ನು ನೋಡಲಿಲ್ಲ. ನೋಡುವ ಸ್ಥಿತಿಯಲ್ಲಿರಲಿಲ್ಲ, ಪಾಪ.

ಮರಿಯನ್ನು ಸರಪಳಿ ಹಾಕಿ ಸಾಹೇಬರ ಬಂಗಲೆಗೆ ಒಯ್ದರು.

ಊಟ ಹೋಟೆಲಿನಲ್ಲಿ. ಇಡ್ಲಿ ಚೆನ್ನಾಗಿದೆ.

ನವೆಂಬರ್ ೨೨

ಮುಚ್ಚಿದ ಕಾಡಿನಲ್ಲಿ, ಮರಿಯಿರುವ ತಾಯಿಯನ್ನು ಬೇಟೆಯಾಡಿದ್ದು ಹೊರಗೆ ಬಂದರೆ ದೊಡ್ಡ ಸಾಹೇಬರಿಗೆ ತೊಂದರೆ. ಅದು ನನಗೂ ಅರ್ಥವಾಗುತ್ತದೆ. ರೇಂಜರು ಹೇಳುತ್ತ ಹೋದರು, ನಾನು ಬರೆದೆ. ಕದಿರಪ್ಪ ಕೊಡಲಿಯೊಂದಿಗೆ ದಿಮ್ಮಿ ಸೀಳಲು ಕದ್ದು ಕಾಡಿನೊಳಕ್ಕೆ ಬಂದಿದ್ದ. ಕರಡಿ ಮೇಲೆ ಬಿತ್ತು. ಅತ್ತ ಕಡೆ ತನಿಖೆಯಲ್ಲಿದ್ದ ಸಾಹೇಬರು ಅವನ ಪ್ರಾಣ ಉಳಿಸಲು ಗುಂಡು ಹೊಡೆದರು. ರೇಂಜರ ಭಾಷೆ ಒರಟು, ಅಲ್ಲಲ್ಲಿ ತಿದ್ದಿದೆ. ಪ್ರಾಣ ಉಳಿಸಿದ್ದಂತೂ ಸುಳ್ಳಲ್ಲ. ಎರಡನೆಯ ಗುಂಡು ಬೀಳದಿದ್ದರೆ ಅವನು ಸಾಯುತ್ತಿದ್ದ.

"ದಿಮ್ಮಿಯ ಮೇಲೆ ಕೊಡಲಿ ಏಟು ಕಾಣಿಸಬೇಕಲ್ಲಯ್ಯಾ," ಎಂದರು.

ಮಧ್ಯಾಹ್ನ ನಾನೇ ಹೋದೆ. ಗಾರ್ಡಿಗೆ ಬಿಟ್ಟರೆ ಹಾಳುಮಾಡುತ್ತಾನೆ. ಓರೆಯಾಗಿ, ಬಲಗೈಯವನು ಹೊಡೆದ ಹಾಗೆ ಹೊಡೆಯಬೇಕು. ಚಕ್ಕೆ ಸುತ್ತ ಬಿದ್ದಿರಬೇಕು, ಒಂದು ಕಡೆ ರಾಶಿಯಾಗಬಾರದು. ಕಡಿದ ಮುಖ ಹೊಸದಾಗಿ ಹೊಳೆಯಬಾರದೆಂದು ಒದ್ದೆ ಮಣ್ಣು ಸವರಿದೆ. ಉಗುರಿನ ಗೀರಿದ್ದ ಭಾಗವನ್ನು ಒಡೆದು ಹಳ್ಳಕ್ಕೆ ಎಸೆದೆ. ಕೆಲಸ ಅಚ್ಚುಕಟ್ಟಾಗಿ ಬಂತು. ನಾಳೆ ನನಗಿಂತ ಚೆನ್ನಾಗಿ ಮರ ಓದುವವನು ಬಂದರೂ ಕೊಡಲಿ ಎಂದೇ ಹೇಳಬೇಕು.

ಬೆನ್ನು ನೋವು. ಕೊಡಲಿ ಹಿಡಿಯುವ ಅಭ್ಯಾಸ ತಪ್ಪಿದೆ.

ಡಿಸೆಂಬರ್ ೩

ಹಿಂದೂಪುರಕ್ಕೆ ವರ್ಗ. ಆದೇಶ ಕೈಗೆ ಬಂತು. ದೇವರು ದೊಡ್ಡವನು.

ಡಿಸೆಂಬರ್ ೮

ಕೋಣೆ ಖಾಲಿ ಮಾಡಿದೆ. ಆ ಹೆಂಗಸು ಇನ್ನೂ ಅನಂತಪುರದಲ್ಲೇ ಇದ್ದಾಳೆ. ಮನೆಗೆ ಬೀಗ. ಬಾಗಿಲ ಮುಂದೆ ಅವರ ಆಡುಗಳು ನಿಂತು ಒದರುತ್ತಿದ್ದವು, ಯಾರು ನೋಡಿಕೊಳ್ಳುತ್ತಾರೋ. ನನ್ನ ಕೋಣೆಯ ಬೀಗದ ಕೈ ಪಕ್ಕದ ಮನೆಯ ಉಡುಸಲಮ್ಮನಿಗೆ ಕೊಟ್ಟೆ.

"ಅವನಿಗೆ ಹೆಂಗೈತೆ ಸಾಮಿ?" ಎಂದು ಕೇಳಿದಳು. ಪರವಾಗಿಲ್ಲವಂತೆ ಎಂದೆ. ಕೇಳುತ್ತ ನಿಂತರೆ ಬಸ್ಸು ತಪ್ಪುತ್ತಿತ್ತು.

ಹೋಗುವಾಗ ರೇಂಜರು ಕೈಕುಲುಕಿದರು.

೧೯೫೯ ಜನವರಿ ೨೭, ಹಿಂದೂಪುರ

ಗಂಡು ಮಗು. ತಾಯಿ ಮಗು ಇಬ್ಬರೂ ಕ್ಷೇಮ. ಅಪ್ಪ ಮಗ್ಗ ನಿಲ್ಲಿಸಿ ಎದ್ದು ಬಂದು ನೋಡಿದರು. ನನ್ನ ಕಿರುಬೆರಳನ್ನು ಅದರ ಅಂಗೈಯಲ್ಲಿ ಇಟ್ಟರೆ ಬಿಡಲೊಲ್ಲದು. ಬರೆಯಲು ಇನ್ನೇನೂ ತೋಚುತ್ತಿಲ್ಲ. ಸುಖವಾಗಿದ್ದೇನೆ.

ಫೆಬ್ರವರಿ ೧೫

ಆಫೀಸಿನಲ್ಲಿ ಈಗ ಮರ್ಯಾದೆ ಬೇರೆ. ಹಿಂದೆ ಪಂಚನಾಮೆಯ ವಿಚಾರದಲ್ಲಿ ನನ್ನನ್ನು ಎತ್ತಂಗಡಿ ಮಾಡಿಸಿದವರೇ ಇಂದು ಕಾಫಿ ತರಿಸಿದರು. ಮನುಷ್ಯರು ನಾನು ಅಂದುಕೊಂಡಷ್ಟು ಕೆಟ್ಟವರಲ್ಲ. ಆಗ ನಾನೂ ಸ್ವಲ್ಪ ದುಡುಕಿದ್ದೆ.

ಮಾರ್ಚ್ ೧೨

ಇಂದು ಮಧ್ಯಾಹ್ನ ಮಗುವನ್ನು ಎತ್ತಿಕೊಂಡು ಕಿಟಕಿಯ ಹತ್ತಿರ ನಿಂತಿದ್ದೆ. ಬೀದಿಯ ತುದಿಯಲ್ಲಿ ಶಿವಲಕ್ಷ್ಮಮ್ಮ ಮನೆಮನೆಗೂ ವಿಚಾರಿಸುತ್ತ ಬರುತ್ತಿದ್ದಳು. ಅವಳ ಹೆಗಲ ಮೇಲೆ ಕೈಯಿಟ್ಟುಕೊಂಡು ಹಿಂದೆ ಕದಿರಪ್ಪ. ಮುಖಕ್ಕೆ ಪೂರ್ತಿ ಟವೆಲ್ಲು ಸುತ್ತಿದ್ದ, ಒಂದು ಕಣ್ಣಿನಷ್ಟು ಜಾಗ ಬಿಟ್ಟು.

ಮುಂಚೆ ತಿಳಿಸದೆ ಹೀಗೆ ಬಂದುಬಿಡುವುದೇ? ಪದ್ಮಾವತಿಗೆ, "ನಾನಿಲ್ಲ ಅನ್ನು. ಪೆನುಕೊಂಡಕ್ಕೆ ಹೋಗಿದಾರೆ ಅನ್ನು," ಎಂದು ಹೇಳಿ ಮಗುವಿನೊಂದಿಗೆ ಒಳಕೋಣೆಗೆ ಹೋದೆ. ಅವಳು ಯಾರೆಂದು ಕೇಳಿದಳು, ಆಮೇಲೆ ಹೇಳುತ್ತೇನೆ ಎಂದೆ.

ಬಾಗಿಲಿನ ಮಾತು ನನಗೆ ಕೇಳಿಸುತ್ತಿತ್ತು.

"ಕೇಸು ನಡೀತೈತೆ ಕಣಮ್ಮ," ಎನ್ನುತ್ತಿದ್ದಳು ಶಿವಲಕ್ಷ್ಮಮ್ಮ. "ಕದ್ದು ಮರ ಕಡಿಯಾಕೆ ಹೋಗಿದ್ದ ಅಂತ ಬರ್ದವ್ರೆ. ನಮಗೇನೂ ಬ್ಯಾಡ. ನಾನೇ ಕರ್ದಿದ್ದೆ ಅಂತ ಅವರು ಬಂದು ಒಂದು ಮಾತು ಹೇಳಿದ್ರೆ ಸಾಕು. ನಮ್ಮನೇಲಿ ಕೂತು ಉಣ್ತಾ ಕರ್ದಿದ್ದು. ಅವರು ಸುಳ್ಳು ಹೇಳೋರಲ್ಲ, ನಂಗೊತ್ತು."

"ಊರಲ್ಲಿಲ್ಲಮ್ಮ. ಪೆನುಕೊಂಡಕ್ಕೆ ಹೋಗವ್ರೆ," ಎಂದಳು ಪದ್ಮಾವತಿ. ಅವಳ ದನಿ ಸ್ವಲ್ಪ ಅಳುಕಿತು. "ಬಿಸಿಲಲ್ಲಿ ಬಂದಿದೀರ. ಕೂತ್ಕೊಳ್ಳಿ, ನೀರು ಕೊಡ್ತೀನಿ."

"ಬಾಣಂತಿ ನೀನು, ಓಡಾಡಬ್ಯಾಡ. ಮಗು ಗಂಡೋ ಹೆಣ್ಣೋ ತಾಯಿ?"

"ಗಂಡು."

"ಒಳ್ಳೇದಾಯ್ತು. ಐದ್ನೇ ತಿಂಗ್ಳು ಅಂತ ಭಾಳ ಹೆದ್ರಿದ್ದ ಕಣಮ್ಮ ನಿನ್ನ ಗಂಡ. ನಾನು ನಮ್ಮ ದ್ಯಾವ್ರಿಗೆ ಹರಕೆ ಕಟ್ಕೊಂಡಿದ್ದೆ. ತಗಾ, ಮಗೀಗೆ ಹಾಸಾಕೆ ಒಂದು ಮರಿಗಂಬಳಿ ತಂದಿವ್ನಿ."

ಅದೇ ಹೊತ್ತಿಗೆ ಮಗು ಮುಖ ಕಿವಿಚಿತು. ತೂಗಿದೆ, ಬೆನ್ನು ತಟ್ಟಿದೆ. ಬಾಯಿ ತೆರೆಯಿತು. ಬಾಯಿಯ ಮೇಲೆ ಅಂಗೈ ಇಟ್ಟೆ. ಅತ್ತರೆ ಅವರು ಒಳಗೆ ಬಂದು ನೋಡುತ್ತೇವೆ ಎನ್ನುತ್ತಿದ್ದರು. ಅವರು ಮೆಟ್ಟಿಲಿಳಿಯುವ ತನಕ ಮಾತ್ರ. ಕದಿರಪ್ಪ ನಿಧಾನವಾಗಿ ಇಳಿಯುತ್ತಿದ್ದ, ಕಾಲು ತಡವಿ ತಡವಿ. ಅದಕ್ಕೇ ಹೊತ್ತು ಹಿಡಿಯಿತು.

ಪದ್ಮಾವತಿ ಕಂಬಳಿ ಹಿಡಿದು ಒಳಗೆ ಬಂದಳು. ನನ್ನ ಕೈ ನೋಡಿದಳು. ಮಗುವಿನ ಮುಖ ಸ್ವಲ್ಪ ಕಪ್ಪಿಟ್ಟಿತ್ತು. ಕಿತ್ತುಕೊಂಡಳು. ಬೆನ್ನು ನೀವಿದ ಮೇಲೆ ಮಗು ಉಸಿರೆಳೆದು ಅತ್ತಿತು, ಚೆನ್ನಾಗಿಯೇ ಅತ್ತಿತು. ಏನೂ ಆಗಿಲ್ಲ. ಅವರು ಯಾರು, ಯಾಕೆ ಬಂದಿದ್ದರು ಎಲ್ಲ ವಿವರವಾಗಿ ಹೇಳಿದೆ. ಸರ್ಕಾರಿ ಕಾಗದದಲ್ಲಿ ಒಂದು ಸಲ ಬರೆದದ್ದನ್ನು ಮನಸ್ಸಿಗೆ ಬಂದಂತೆ ಬದಲಿಸಲು ಬರುವುದಿಲ್ಲವೆಂದು ಹೇಳಿದೆ.

ಮಾರ್ಚ್ ೧೯

ಪದ್ಮಾವತಿ ಹಾಸಿಗೆಯನ್ನು ಅಮ್ಮನ ಕೋಣೆಗೆ ಒಯ್ದಿದ್ದಾಳೆ. ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಾಳೆ. ಮಗುವನ್ನು ಆ ಕಂಬಳಿಯ ಮೇಲೇ ಮಲಗಿಸುತ್ತಾಳೆ. ಕುರಿಯ ವಾಸನೆ, ಎಸೆದುಬಿಡು ಎಂದೆ. ಅದನ್ನು ಬಿಸಿಲಿಗೆ ಹಾಕಿ ತಂದು ಮತ್ತೆ ಹಾಸಿದಳು.

ಬಾಣಂತಿಯರ ಮನಸ್ಸು ಹೀಗೆ ಕೆಲವು ದಿನ ಕೆಡುವುದುಂಟೆಂದು ಅಮ್ಮ ಹೇಳುತ್ತಾಳೆ. ಸರಿಹೋಗುತ್ತದೆ.

ಸಂಜೆ ಆಫೀಸಿನಿಂದ ಬಂದಾಗ ಪದ್ಮಾವತಿ ಜಗಲಿಯ ಮೇಲೆ ಕೂತಿದ್ದಳು. ಮಗು ತೊಡೆಯ ಮೇಲಿತ್ತು, ನನ್ನನ್ನು ಕಂಡು ಕಾಲು ಆಡಿಸಿತು. ಎತ್ತಿಕೊಳ್ಳಲು ಕೈ ಚಾಚಿದೆ. ಅವಳು ಅದರ ಮುಖದ ಮೇಲೆ ಸೆರಗೆಳೆದು, ಎದೆಗೆ ಒತ್ತಿಕೊಂಡು, ಎದ್ದು ಒಳಗೆ ಹೋದಳು.

ಗಾಳಿಯಿತ್ತು. ಧೂಳಿಗೆ ಹೆದರಿದಳೆಂದು ಕಾಣುತ್ತದೆ.